ಎಂಬತ್ತೆಂಟರಲ್ಲಿ ನಿಂತ ಮುಳ್ಳು

"ಹತ್ತಿ ಕಡ್ಡೀನ ಪೂರ್ತಿ ಒಳಗೆ ಹಾಕಿ ಮೇಡಂ. ಹೆದರಬೇಡಿ, ಗಾಡಿಗೆ ಕಿವಿ ನೋಯಲ್ಲ."

ಸುಟ್ಟ ವ್ಯಾನಿನ ಹೊಟ್ಟೆಯಡಿ ಅಂಗಾತ ಮಲಗಿದ್ದ ಇನ್‌ಸ್ಪೆಕ್ಟರ್, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಹತ್ತಿ ಕಡ್ಡಿಯನ್ನು ಬೋಲ್ಟಿನ ತೂತಿಗೆ ತೂರಿಸಿ ತಿರುಗಿಸಿದಳು. ಹೊರಗೆ ತೆಗೆದಾಗ ಅದರ ತುದಿ ಕಾಡಿಗೆ ಅದ್ದಿದಂತೆ ಕಪ್ಪಾಗಿತ್ತು.

ಎರಡನೆಯ ತೂತು. ಅದೂ ಕಪ್ಪು. ಮೂರನೆಯದು, ನಾಲ್ಕನೆಯದು, ಎಲ್ಲವೂ ಕಪ್ಪು.

"ಮಸಿ ಒಳಗಿನ ಥ್ರೆಡ್‌ವರೆಗೂ ಹೋಗಿದೆ, ಅಲ್ವಾ?" ಪಕ್ಕದಲ್ಲೇ ಮಲಗಿದ್ದ ಮೆಕ್ಯಾನಿಕ್ ಕೇಳಿದ. "ಅಂದ್ರೆ ಬೆಂಕಿ ಬಿದ್ದಾಗ ಇಲ್ಲಿ ಬೋಲ್ಟ್ ಇರಲಿಲ್ಲ. ಬೋಲ್ಟ್ ಇಲ್ಲ ಅಂದ್ಮೇಲೆ ನಾನು ಹಾಕಿದ್ದ ತಗಡೂ ಇರಲಿಲ್ಲ. ತಗಡು ಇಲ್ಲ ಅಂದ್ಮೇಲೆ..."

"ನಿಲ್ಲಿಸಿ." ಅವಳು ಟಾರ್ಚನ್ನು ಬಾಯಿಂದ ತೆಗೆದಳು. "ಬೋಲ್ಟ್ ಇದ್ದ ತೂತುಗಳೂ ಹೀಗೇ ಕಪ್ಪಾಗಿದ್ರೆ? ಬೆಂಕಿ ಏನು ಕೇಳಿಕೊಂಡು ಒಳಗೆ ಬರುತ್ತಾ?"

ಮೆಕ್ಯಾನಿಕ್ ಅರೆಗಳಿಗೆ ಸುಮ್ಮನಾದ. ಅದು ಅಪರೂಪದ ಸಂಗತಿ. ಮೂವತ್ತು ವರ್ಷ ಡೀಸೆಲ್ ಗಾಡಿಗಳ ಹೊಗೆ ಕೊಳವೆ ರಿಪೇರಿ ಮಾಡಿದ ಅವನನ್ನು ಊರೆಲ್ಲ 'ಸೈಲೆನ್ಸರ್' ಅಂತ ಕರೆಯುತ್ತಿತ್ತು. ಕಂಡವರ ಗಾಡಿಗಳ ಬಾಯಿ ಮುಚ್ಚಿಸಿ ಹೊಟ್ಟೆ ಹೊರೆದವನಿಗೆ ತನ್ನ ಬಾಯಿ ಮುಚ್ಚುವ ವಿದ್ಯೆ ಮಾತ್ರ ಒಲಿದಿರಲಿಲ್ಲ.

"ಬೋಲ್ಟ್ ಇನ್ನೂ ಇರೋ ತೂತು ಒಂದನ್ನ ಬಿಚ್ಚಿ ತೋರಿಸ್ಲಾ?"

"ಯಾವುದು ಬಿಚ್ಚಬೇಕು ಅಂತ ನಾನು ಹೇಳ್ತೀನಿ. ಅದು. ಬಲಗಡೆ, ಮೂಲೆಯಲ್ಲಿರೋದು."

ಬೆಂಕಿಗೆ ಬೆಂದು ಕೂತಿದ್ದ ಬೋಲ್ಟು ಅಲುಗಲಿಲ್ಲ. ಅವನು ಸ್ಪ್ಯಾನರಿಗೆ ಒಂದು ಕೊಳವೆ ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದ. ಕಿರ್‍ ಅಂತ ಸದ್ದು ಮಾಡಿ ಅದು ಸಡಿಲವಾಯಿತು. ಇನ್‌ಸ್ಪೆಕ್ಟರ್ ಹೊಸ ಹತ್ತಿ ಕಡ್ಡಿ ತೆಗೆದು ತೂರಿಸಿದಳು. ಹೊರಗೆ ಬಂದ ಹತ್ತಿಗೆ ಒಂದಿಷ್ಟು ತುಕ್ಕು ಹತ್ತಿತ್ತು. ಮಸಿ ಎಳ್ಳಷ್ಟೂ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಬೆಟ್ಟದ ರಸ್ತೆಯ ಹನ್ನೊಂದನೆಯ ತಿರುವಿನಲ್ಲಿ ಈ ವ್ಯಾನ್ ಹೊತ್ತಿ ಉರಿದಿತ್ತು. ಅದರ ಒಡತಿ, ಹಲ್ಲಿನ ಡಾಕ್ಟರಮ್ಮ, ರಸ್ತೆ ಬದಿಯಲ್ಲಿ ತಲೆಗೆ ಪೆಟ್ಟಾಗಿ ಬಿದ್ದವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರ ಗಂಡ ದೂರು ಕೊಟ್ಟಿದ್ದು ಸೈಲೆನ್ಸರ್ ಮೇಲೆ. ಇವತ್ತು ಸೋಮವಾರ. ನಾಲ್ಕು ಗಂಟೆಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಿ, ಆರೋಪ ಬರೆದು ಮುಗಿಸಿ ಅಂತ ಅವಳ ಮೇಲಧಿಕಾರಿ ಸಾಹೇಬರು ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದರು. ಈಗ ಹನ್ನೊಂದೂವರೆ.

ಇನ್‌ಸ್ಪೆಕ್ಟರ್ ವ್ಯಾನಿನಡಿಯಿಂದ ಜಾರಿ ಹೊರಗೆ ಬಂದು, ಬೆನ್ನ ಮಣ್ಣನ್ನೂ ಕೊಡವದೆ ಠಾಣೆಯ ಅಂಗಳದಲ್ಲಿ ಅತ್ತಿಂದಿತ್ತ ನಡೆಯತೊಡಗಿದಳು. ಒಂದು ಕಡೆ ನಿಂತು ಯೋಚಿಸುವುದು ಅವಳಿಗೆ ಹುಟ್ಟಿನಿಂದಲೇ ಬಾರದು. ಠಾಣೆಯವರು ಅವಳ ಬೆನ್ನ ಹಿಂದೆ 'ಬುಗುರಿ ಮೇಡಂ' ಅನ್ನುತ್ತಿದ್ದುದೂ ಅವಳಿಗೆ ಗೊತ್ತಿತ್ತು.

ಇವತ್ತಿನ ಚಡಪಡಿಕೆಗೆ ಕಾರಣ ಬೇರೆಯೇ ಇತ್ತು. ಗಾಡಿಯ ವಿಷಯದಲ್ಲಿ ಅವಳು ಸೊನ್ನೆ. ಸ್ಟಿಯರಿಂಗ್ ಹಿಡಿದು ಓಡಿಸುವುದು ಬಿಟ್ಟರೆ ಮಿಕ್ಕಿದ್ದೆಲ್ಲ ಅವಳಿಗೆ ಕಬ್ಬಿಣದ ಕಡಲೆ. ಅದನ್ನು ಬಿಡಿಸಿ ಹೇಳಬಲ್ಲವನು ಈ ಊರಲ್ಲಿ ಒಬ್ಬನೇ, ಅವನೇ ಆರೋಪಿ. ಕಳ್ಳನ ಕೈಗೇ ದೀಪ ಕೊಟ್ಟು 'ದಾರಿ ತೋರಿಸಪ್ಪ' ಅನ್ನುತ್ತಿದ್ದೇನೆಯೇ?

"ಇನ್ನೊಂದ್ಸಲ ಹೇಳಿ," ಎಂದಳು. "ಮೊದಲಿಂದ. ನಿಧಾನಕ್ಕೆ."

ಮೆಕ್ಯಾನಿಕ್ ಕಲ್ಲಿನ ಮೇಲೆ ಕೂತು, ಅಂಗೈಯನ್ನು ಚಿಂದಿ ಬಟ್ಟೆಗೆ ಉಜ್ಜಿದ. "ಡಾಕ್ಟರಮ್ಮನ ಗಾಡಿ ಅಂದ್ರೆ ಅರ್ಧ ಆಸ್ಪತ್ರೆ ಮೇಡಂ. ಹಲ್ಲು ಕೀಳೋ ಕುರ್ಚಿ, ಕಂಪ್ರೆಸರ್, ಜನರೇಟರ್, ನೀರಿನ ಟ್ಯಾಂಕ್. ಅಷ್ಟು ಭಾರ ಹೊತ್ಕೊಂಡು ವಾರಕ್ಕೆ ಐದು ದಿನ ಬೆಟ್ಟ ಹತ್ಬೇಕು. ಕಂಪನಿಯವರು ಕೊಟ್ಟ ಹೊಗೆ ಪೈಪು ಸಣ್ಣದು. ಮೂಗು ಕಟ್ಟಿದವನ ತಲೆ ಮೇಲೆ ಮೂಟೆ ಹೊರಿಸಿ ಮೆಟ್ಟಿಲು ಹತ್ತು ಅಂದ್ರೆ ಏನಾಗುತ್ತೆ? ಅದಕ್ಕೆ ಮೂರಿಂಚಿನ ಪೈಪ್ ಹಾಕಿ, ಸೈಲೆನ್ಸರ್ ಬದಲಾಯಿಸಿ ಉಸಿರು ಬಿಡಿಸಿದೆ."

"ಆಮೇಲೆ?"

"ಉಸಿರು ಬಂತು, ಇಂಜಿನ್ ಜೋರಾಗಿ ಎಳೆಯೋಕೆ ಶುರು ಮಾಡ್ತು. ಆ ಜೋರೆಲ್ಲ ಹೋಗೋದು ಗೇರ್‌ಬಾಕ್ಸ್ ಮೂಲಕ. ತಾನೇ ಗೇರ್ ಬದಲಾಯಿಸೋ ಜಾತಿ ಗಾಡಿ ಇದು. ಬೆಟ್ಟದಲ್ಲಿ ಅದರ ಎಣ್ಣೆ ಕುದಿಯುತ್ತೆ. ಅದಕ್ಕೆ ಮುಂದೆ, ರೇಡಿಯೇಟರ್ ಎದುರಿಗೆ, ಎಣ್ಣೆ ತಣ್ಣಗಾಗೋಕೆ ಅಂತಾನೇ ಒಂದು ಕೂಲರ್ ಕೂರಿಸಿದೆ. ಗೇರ್‌ಬಾಕ್ಸಿಂದ ಅಲ್ಲಿಗೆ ಎರಡು ಹೋಸ್. ಅವು ಬಿಸಿ ಪೈಪಿನ ಪಕ್ಕದಲ್ಲೇ ಹೋಗ್ಬೇಕು, ಬೇರೆ ದಾರಿ ಇಲ್ಲ. ಅದಕ್ಕೇ ನಡುವೆ ಅಡ್ಡ ತಗಡು, ನಾಲ್ಕು ಬೋಲ್ಟು. ಅದನ್ನ ಯಾರೋ ಬಿಚ್ಚಿದಾರೆ. ಹೋಸ್ ಬೆಂದು ಬಾಯಿ ಬಿಡ್ತು, ಎಣ್ಣೆ ಕೆಂಪಗೆ ಕಾದ ಪೈಪಿನ ಮೇಲೆ ಚೆಲ್ತು. ಮಿಕ್ಕಿದ್ದು ನಿಮ್ಮ ಕಣ್ಣೆದುರಿಗಿದೆ."

"ಎಣ್ಣೆ ಕುದೀತಾ ಇದ್ರೆ ಡಾಕ್ಟರಮ್ಮನಿಗೆ ಗೊತ್ತಾಗಲ್ವಾ?"

"ಅದೇ ನನಗೂ ಅರ್ಥ ಆಗ್ತಿಲ್ಲ ಮೇಡಂ! ಡ್ಯಾಶ್‌ಬೋರ್ಡ್ ಮೇಲೆ ಮೀಟರ್ ಕೂರಿಸಿಕೊಟ್ಟಿದ್ದೀನಿ. ತೊಂಬತ್ತು, ನೂರು ತನಕ ಚಿಂತೆ ಇಲ್ಲ. ನೂರಿಪ್ಪತ್ತು ದಾಟಿದ್ರೆ ನಿಲ್ಲಿಸಿ, ಇಂಜಿನ್ ಆರಿಸ್ದೆ ನ್ಯೂಟ್ರಲ್‌ನಲ್ಲಿ ಬಿಡಿ, ಎಣ್ಣೆ ಸುತ್ತಾಡಿ ತಣ್ಣಗಾಗ್ಲಿ ಅಂತ ಪಾಠ ಒಪ್ಪಿಸಿದ್ದೆ. ಒಂದು ತಿಂಗಳು ಪ್ರತಿ ಸಲಾನೂ ಬರೆದಿಡಿ ಅಂದಿದ್ದೆ. ಅವರು ಬರೀತಿದ್ರು ಕೂಡ."

ಬರೆದಿದ್ದರು. ಆ ಪುಸ್ತಕ ಈಗ ಇನ್‌ಸ್ಪೆಕ್ಟರ್ ಕಂಕುಳಲ್ಲೇ ಇತ್ತು. ಡಾಕ್ಟರಮ್ಮನ ಕೋಟಿನ ಜೇಬಿನಲ್ಲಿ ಸಿಕ್ಕಿದ್ದನ್ನು ಆಸ್ಪತ್ರೆಯ ನರ್ಸ್ ಬೆಳಗ್ಗೆ ತಾನೇ ಕೊಟ್ಟಿದ್ದಳು. ಇಷ್ಟು ಹೊತ್ತು ಅದನ್ನು ಇವನಿಗೆ ತೋರಿಸಬೇಕೋ ಬೇಡವೋ ಎಂದು ತೂಗುತ್ತಿದ್ದವಳು, ಕೊನೆಗೆ ತೆರೆದು ಅವನ ಮುಂದೆ ಹಿಡಿದಳು.

ವೈದ್ಯರ ಅಕ್ಷರವೆಂದು ನಂಬಲಾಗದಷ್ಟು ಗುಂಡಗಿನ ಕೈಬರಹ. ಸ್ಕೇಲು ಹಿಡಿದು ಎಳೆದ ಗೆರೆಗಳು. ದಿನ, ಓಡಿದ ಕಿಲೋಮೀಟರ್, ಹೊರಡುವ ಮೊದಲಿನ ಶಾಖ, ಮೂರನೆಯ ತಿರುವು, ಏಳನೆಯದು, ಒಂಬತ್ತನೆಯದು, ಹನ್ನೊಂದನೆಯದು.

ಮೆಕ್ಯಾನಿಕ್ ಬೆರಳಿಟ್ಟು ಓದುತ್ತಾ ಹೋದ. "ಎಪ್ಪತ್ತೊಂಬತ್ತು, ತೊಂಬತ್ತೊಂದು, ತೊಂಬತ್ತೇಳು, ನೂರಾಮೂರು... ಸರಿ. ಎಂಬತ್ತೆರಡು, ತೊಂಬತ್ಮೂರು, ನೂರು... ಸರಿ, ಸರಿ. ಮಂಗಳವಾರ... ಎಂಬತ್ತೆಂಟು, ಎಂಬತ್ತೆಂಟು, ಎಂಬತ್ತೆಂಟು, ಎಂಬತ್ತೆಂಟು."

ಅವನ ಬೆರಳು ಅಲ್ಲೇ ನಿಂತಿತು.

"ಬುಧವಾರಾನೂ ಅಷ್ಟೇ," ಎಂದಳು ಅವಳು. "ಗುರುವಾರಾನೂ ಅಷ್ಟೇ. ಶುಕ್ರವಾರ ಒಂಬತ್ತನೇ ತಿರುವಿನ ತನಕ ಎಂಬತ್ತೆಂಟು. ಹನ್ನೊಂದನೇ ಚೌಕ ಖಾಲಿ."

"ಬೆಟ್ಟ ಹತ್ತೋ ಗೇರ್‌ಬಾಕ್ಸು ಒಂದೇ ಶಾಖದಲ್ಲಿ ಇರೋಕೆ ಅದೇನು ಕೆರೆ ನೀರಾ!"

"ನನಗೆ ಗಾಡಿ ಗೊತ್ತಿಲ್ಲ. ಆದ್ರೆ ಇದನ್ನ ನೋಡಿ." ಅವಳು 'ಹೊರಡುವ ಮೊದಲು' ಎಂಬ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟಳು. "ಬೆಳಗ್ಗೆ, ಗಾಡಿ ತಣ್ಣಗಿರುವಾಗ. ಮೊದಲೆಲ್ಲ ಇಪ್ಪತ್ನಾಲ್ಕು, ಇಪ್ಪತ್ತಾರು. ಮಂಗಳವಾರ ಎಷ್ಟಿದೆ?"

"ಎಂಬತ್ತೆಂಟು." ಮೆಕ್ಯಾನಿಕ್ ಹಣೆ ಹಣೆ ಬಡಿದುಕೊಂಡ. "ಅಯ್ಯೋ ನನ್ನ ಕರ್ಮವೇ! ಇಂಜಿನ್ ಶುರು ಮಾಡೋ ಮೊದಲೇ ಎಂಬತ್ತೆಂಟಾ? ಇದು ಮೀಟರ್ ಹೇಳಿದ್ದಲ್ಲ ಮೇಡಂ, ಮೀಟರ್ ಬಾಯಲ್ಲಿ ಹೇಳಿಸಿದ್ದು!"

ಹೇಳಿದವನೇ ಮತ್ತೆ ವ್ಯಾನಿನಡಿಗೆ ನುಗ್ಗಿದ. ಗೇರ್‌ಬಾಕ್ಸಿನ ಪಕ್ಕದಲ್ಲಿ ಸೆನ್ಸರಿನ ತಂತಿಗೆ ಅವನೇ ತೊಡಿಸಿದ್ದ ಉಕ್ಕಿನ ಕೊಳವೆಯೊಂದಿತ್ತು. ಗರಗಸ ಕೊಡಲು ಇನ್‌ಸ್ಪೆಕ್ಟರ್ ಒಪ್ಪಲಿಲ್ಲ. ತಾನೇ ಮಂಡಿಯೂರಿ, ಅವನು ಹೇಳಿದ ಕಡೆ ಕೊಯ್ದಳು. ಕೊಳವೆ ಸೀಳಿದಾಗ ಒಳಗೆ ತೊಗರಿ ಬೇಳೆಯಷ್ಟು ದೊಡ್ಡದಾದ, ಎರಡು ಕಡೆ ತಂತಿ ಚಾಚಿದ ಒಂದು ತುಣುಕು ಕಂಡಿತು.

"ರೆಸಿಸ್ಟರ್," ಎಂದ ಮೆಕ್ಯಾನಿಕ್. ದನಿ ಇಳಿದಿತ್ತು. "ಸೆನ್ಸರ್ ತಂತಿ ಕತ್ತರಿಸಿ, ಇದನ್ನ ಸೇರಿಸಿದಾರೆ. ಇದಿದ್ರೆ ಎಣ್ಣೆ ಹಿಮ ಆಗ್ಲಿ, ಕೆಂಡ ಆಗ್ಲಿ, ಮುಳ್ಳು ಎಂಬತ್ತೆಂಟು ಬಿಟ್ಟು ಅಲುಗಲ್ಲ."

ಅವನು ಎದ್ದು ಬಂದು ಕಲ್ಲಿನ ಮೇಲೆ ಕೂತ. ಚಿಂದಿ ಬಟ್ಟೆ ಹುಡುಕಲಿಲ್ಲ. ಮಸಿ ಹತ್ತಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ.

"ಏನಾಯ್ತು?"

"ತಗಡು ಬಿಚ್ಚೋದು, ಮೀಟರ್ ಕೈಲಿ ಸುಳ್ಳು ಹೇಳಿಸೋದು. ಎರಡೂ ಸೇರಿದ್ರೇನೇ ಗಾಡಿ ಸುಡುತ್ತೆ, ಒಂದರಿಂದ ಆಗಲ್ಲ. ಇದನ್ನ ತಿಳಿದು ಮಾಡಬಲ್ಲವನು..." ಅವನು ಒಣಗಿದ ತುಟಿ ನೆಕ್ಕಿಕೊಂಡ. "ನನಗೆ ಗೊತ್ತಿರೋ ಹಾಗೆ ನಾನೊಬ್ಬನೇ ಮೇಡಂ."

ಠಾಣೆಯ ಗೇಟಿನಾಚೆ, ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿ ಕತ್ತು ನೀಳ ಮಾಡಿ ಇತ್ತ ನೋಡಿದಳು. ಮಡಿಲಲ್ಲಿ ಗಂಡನ ಒಗೆದ ಅಂಗಿ. ಇನ್‌ಸ್ಪೆಕ್ಟರ್ ಮುಖ ತಿರುಗಿಸಿದಳು.

ತಪ್ಪು ಮಾಡಿದವನು ಹೀಗೆ ತನ್ನ ಕೊರಳಿಗೆ ತಾನೇ ಹಗ್ಗ ಹೆಣೆದುಕೊಡುತ್ತಾನೆಯೇ? ಅಥವಾ ಹಾಗೆ ಯೋಚಿಸಲಿ ಅಂತಲೇ ಹೆಣೆಯುತ್ತಾನೆಯೇ?

ಅವಳು ಮತ್ತೆ ಪುಸ್ತಕಕ್ಕೆ ಮರಳಿದಳು. ಮಂಗಳವಾರದ ಮೊದಲ ಎಂಬತ್ತೆಂಟರ ಪಕ್ಕದಲ್ಲಿ ಒಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ. ಡಾಕ್ಟರಮ್ಮನಿಗೂ ಅನುಮಾನ ಬಂದಿತ್ತು! ಅದರ ಕೆಳಗೆ, ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: 'ಕೇಳಿದೆ. ಹೊಸ ಮೀಟರ್ ಪಳಗುವ ತನಕ ಹೀಗೇ ಅಂತೆ.'

"ನಿಮ್ಮನ್ನ ಕೇಳಿದ್ರಾ?"

"ನನ್ನನ್ನಾ? ಕೇಳಿದ್ರೆ ಇದ್ದ ಕೆಲಸ ಬಿಟ್ಟು ಓಡಿ ಹೋಗ್ತಿದ್ದೆ. ಮೀಟರ್ ಪಳಗೋದು ಅಂದ್ರೇನು, ಅದೇನು ಕುದುರೆ ಮರೀನಾ?" ಅವನ ಮುಖದಲ್ಲಿ ಮೊದಲ ಸಲ ಭಯಕ್ಕಿಂತ ನೋವು ಹೆಚ್ಚಾಗಿ ಕಂಡಿತು. "ಸಣ್ಣ ಸದ್ದಾದ್ರೂ ನನಗೆ ಫೋನ್ ಮಾಡೋರು. ಇಷ್ಟು ದೊಡ್ಡ ವಿಷಯಾನ ಇನ್ಯಾರನ್ನೋ ಕೇಳಿದ್ರಾ?"

ಅಂತೆ.

ಎರಡೇ ಅಕ್ಷರ. ಆದರೆ ಯಾರೋ ಹೇಳದೆ ಯಾರೂ 'ಅಂತೆ' ಎಂದು ಬರೆಯುವುದಿಲ್ಲ. ಆ ಮಾತಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಗಾಡಿಯ ವಿಷಯ ಬಲ್ಲವನೆಂದು ಡಾಕ್ಟರಮ್ಮ ನಂಬಿದವನು. ಮೆಕ್ಯಾನಿಕ್ಕಿಗಿಂತ ಹೆಚ್ಚಾಗಿ ನಂಬಿದವನು.

ಅವಳು ರೆಸಿಸ್ಟರಿನ ಫೋಟೊ ತೆಗೆದು, ತುಣುಕನ್ನು ಲಕೋಟೆಗೆ ಹಾಕಿ ಅಂಟಿಸಿ, ಹೆಡ್ ಕಾನ್‌ಸ್ಟೇಬಲನ್ನು ಕರೆದಳು. ಮುಖಕ್ಕಿಂತ ಮೀಸೆಯೇ ದೊಡ್ಡದಿದ್ದ ಅವನನ್ನು ಎಲ್ಲರೂ ಮೀಸೆ ಅಂತಲೇ ಕರೆಯುತ್ತಿದ್ದರು.

"ಮೀಸೆ, ನಾನು ಬರೋ ತನಕ ಇವರನ್ನ ಬಿಟ್ಟು ಕದಲಬೇಡಿ. ಗಾಡಿ ಹತ್ತಿರ ಒಂದು ನರಪಿಳ್ಳೇನೂ ಬರಬಾರದು."

"ಬಂದ್ರೆ ನನ್ನ ಹೆಣದ ಮೇಲೆ ಬರಬೇಕು ಮೇಡಂ," ಎಂದ ಮೀಸೆ, ಆಕಳಿಕೆ ತಡೆಯುತ್ತಾ.

ಜೀಪನ್ನು ಅವಳೇ ಓಡಿಸಿಕೊಂಡು ಹೊರಟಳು. ಸಿಗ್ನಲಿನಲ್ಲಿ ನಿಂತಾಗ ಸ್ಟಿಯರಿಂಗ್ ಮೇಲೆ ಬೆರಳು ತಾಳ ಹಾಕುತ್ತಿತ್ತು. ಅಷ್ಟರಲ್ಲಿ ಅಮ್ಮನ ಫೋನು.

"ಊಟ ಆಯ್ತೇನೇ?"

"ಆಯ್ತಮ್ಮ."

"ಸುಳ್ಳು. ಹಸಿದಾಗ ನಿನ್ನ ಧ್ವನಿ ಕೀರಲಾಗುತ್ತೆ. ಎರಡು ನಿಮಿಷ ಕೂತು ತಿನ್ನೋಕೆ ನಿನ್ನ ಗಂಟೇನು ಹೋಗುತ್ತೆ?"

"ಅಮ್ಮ, ಎಂಬತ್ತೆಂಟು ಅಂದ ತಕ್ಷಣ ನಿಂಗೆ ಏನು ನೆನಪಾಗುತ್ತೆ?"

"ನಿಮ್ಮಪ್ಪನ ತೂಕ," ಅಂದು ಅಮ್ಮ ಫೋನ್ ಇಟ್ಟಳು.

ಡಾಕ್ಟರಮ್ಮನ ಮನೆಯ ಕೆಳಗಿನ ಕೋಣೆಯೇ ಅವರ ಗಂಡನ ಕೆಲಸದ ಜಾಗ. ಹಲ್ಲಿನ ಆಸ್ಪತ್ರೆಗಳ ಉಪಕರಣ ರಿಪೇರಿ ಮಾಡುವವನು ಅವನು. ಮೇಜಿನ ತುಂಬಾ ಬಿಚ್ಚಿಟ್ಟ ಕೊರೆಯುವ ಯಂತ್ರಗಳು, ಬೆಸುಗೆ ಕಡ್ಡಿ, ಭೂತಗನ್ನಡಿ. ಗೋಡೆಗೆ ತಾಗಿಸಿ ನಲವತ್ತು ಪುಟ್ಟ ಡ್ರಾಯರುಗಳ ಕಪಾಟು. ಒಂದು ಸಾಲಿನ ಚೀಟಿಗಳ ಮೇಲೆಲ್ಲ 'ರೆಸಿಸ್ಟರ್' ಎಂದೇ ಬರೆದಿತ್ತು.

ಇನ್‌ಸ್ಪೆಕ್ಟರ್ ಆ ಸಾಲನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಕೂತ್ಕೊಳ್ಳಿ ಮೇಡಂ."

"ಬೇಡ. ನಿಂತೇ ಕೇಳ್ತೀನಿ."

ಅವನ ಬಲಗೈ ಮಣಿಕಟ್ಟಿನಿಂದ ಬೆರಳ ಬುಡದ ತನಕ ಪಟ್ಟಿಯಲ್ಲಿತ್ತು. ಮೂರು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು. ಅವಳು ಫೋನಿನಲ್ಲಿದ್ದ ಫೋಟೊ ತೆಗೆದು ಅವನ ಮುಂದಿಟ್ಟಳು. "ಇದೇನು ಅಂತ ಗೊತ್ತಾ?"

"ರೆಸಿಸ್ಟರ್. ಎಲ್ಲಿ ಸಿಕ್ತು?"

"ನಿಮ್ಮ ಹೆಂಡತಿ ಗಾಡಿಯ ಹೊಟ್ಟೇಲಿ. ನಿಮ್ಮ ಕಪಾಟಿನ ಸರಕಾ?"

ಅವನು ಫೋಟೊವನ್ನು ದೊಡ್ಡದು ಮಾಡಿ ನೋಡಿದ. ಹೆದರಬೇಕಾದವನ ಮುಖದಲ್ಲಿ ಅಸಹ್ಯ ಮೂಡಿತು. "ಇಂಥದ್ದು ಯಾವ ಅಂಗಡೀಲೂ ಸಿಗುತ್ತೆ ಮೇಡಂ. ಆದ್ರೆ ಇದು ನನ್ನ ಕೈ ಕೆಲಸ ಅಲ್ಲ. ನಾನಾಗಿದ್ರೆ ಬೆಸುಗೆ ಹಾಕ್ತಿದ್ದೆ. ಇದನ್ನ ಬರೀ ತಿರುಚಿ ಬಿಟ್ಟಿದಾರೆ, ಬಾಳೆ ಗೊನೆಗೆ ಹಗ್ಗ ಸುತ್ತಿದ ಹಾಗೆ."

ಒಂದು ಕ್ಷಣ ಅವಳಿಗೆ ನಗು ಬಂದಿತು. ಕೊಲೆಯತ್ನದ ಅನುಮಾನಕ್ಕಿಂತ ಕೆಟ್ಟ ಕೆಲಸಗಾರ ಎಂಬ ಅನುಮಾನ ಇವನಿಗೆ ಹೆಚ್ಚು ಚುಚ್ಚಿತ್ತು.

"ಪಟ್ಟಿ ಬಿಚ್ಚಿ."

"ಏನು?"

"ಕೈ ಪಟ್ಟಿ. ಬಿಚ್ಚಿ ತೋರಿಸಿ."

ಅವನು ಹಲ್ಲಿನಿಂದ ಗಂಟು ಕಚ್ಚಿ ಎಳೆದ. ಸುರುಳಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಮಣಿಕಟ್ಟು ಊದಿಕೊಂಡು, ಹಳೆಯ ಪೆಟ್ಟಿನ ಹಸಿರು ಹಳದಿ ಬಣ್ಣಕ್ಕೆ ತಿರುಗಿತ್ತು. ಸುಟ್ಟ ಗುರುತು ಒಂದೂ ಇರಲಿಲ್ಲ.

"ಹೋದ ಶನಿವಾರಕ್ಕೆ ಮೊದಲಿನ ಶನಿವಾರ. ಕಂಪ್ರೆಸರ್ ಎತ್ತೋಕೆ ಹೋಗಿ ಉಳುಕಿಸ್ಕೊಂಡೆ. ಡಾಕ್ಟರ ಚೀಟಿ ಬೇಕಾ?"

"ಆಮೇಲೆ ನೋಡ್ತೀನಿ. ಅದಾದ ಮೇಲಿನ ಸೋಮವಾರ ಗಾಡಿ ಎಲ್ಲಿತ್ತು?"

"ಇಲ್ಲೇ. ಹಿಂದಿನ ಶೆಡ್ಡಲ್ಲಿ."

"ಇಡೀ ದಿನ?"

"ಇಡೀ ದಿನ."

ಅವಳು ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. "ಶನಿವಾರ ಸಂಜೆ ಗಾಡಿ ನಿಂತಾಗ ಎಷ್ಟು ಕಿಲೋಮೀಟರ್ ಓಡಿತ್ತು ಅಂತ ನಿಮ್ಮ ಹೆಂಡತಿ ಬರೆದಿದಾರೆ. ಮಂಗಳವಾರ ಬೆಳಗ್ಗೆ ಹೊರಡೋ ಮೊದಲೂ ಬರೆದಿದಾರೆ. ನಡುವೆ ನಲವತ್ತಾರು ಕಿಲೋಮೀಟರ್ ಜಾಸ್ತಿ. ಶೆಡ್ಡಲ್ಲಿ ನಿಂತ ಗಾಡಿ ನಡ್ಕೊಂಡು ಹೋಗಿತ್ತಾ?"

ಅವನು ನೆಲದ ಮೇಲಿದ್ದ ಪಟ್ಟಿಯನ್ನು ಎತ್ತಿ, ಎಡಗೈಯಿಂದ ಸುತ್ತಿಕೊಳ್ಳಲು ನೋಡಿದ. ಅದು ಮತ್ತೆ ಮತ್ತೆ ಜಾರಿತು.

"ಮೆಕ್ಯಾನಿಕ್ ಹತ್ರ ಎಣ್ಣೆ ನೋಡಿಸೋಕೆ ತಗೊಂಡು ಹೋಗಿದ್ಳು."

"ಈಗ ನೆನಪಾಯ್ತಾ? ಮೆಕ್ಯಾನಿಕ್ ಅಂಗಡಿ ಇಲ್ಲಿಂದ ಎರಡು ಬೀದಿ ಆಚೆ. ಗಾಡಿ ಬಂದೇ ಇಲ್ಲ ಅಂತಾರೆ ಅವರು."

"ಅವನು ಇನ್ನೇನು ಹೇಳ್ತಾನೆ?"

"ಸರಿ, ಬಿಡಿ. ಮಂಗಳವಾರದಿಂದ ಗಾಡಿ ಓಡಿಸಿದ್ದು ಯಾರು? ನಿಮ್ಮ ಕೈ ಆಗಲೇ ಹೀಗಿತ್ತು."

"ಅವಳೇ. ಬೇರೆ ಯಾರಿದಾರೆ?"

"ಪಕ್ಕದಲ್ಲಿ ಯಾರು ಕೂತಿದ್ರು?"

"ಯಾರೂ ಇಲ್ಲ. ಒಬ್ಬಳೇ ಹೋಗ್ತಿದ್ಳು. ಮೇಲಿನ ಊರಿನವರನ್ನ ಬೇಕಾದ್ರೆ ಕೇಳಿ."

"ಕೇಳಿದ್ದೀನಿ. ಗಾಡಿ ಬಂದಾಗ ಡಾಕ್ಟರಮ್ಮ ಒಬ್ಬರೇ ಇಳಿದ್ರು ಅಂತಾನೇ ಎಲ್ಲರೂ ಹೇಳಿದ್ದು." ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಎರಡು ಸುತ್ತು ಹಾಕಿ ಮೇಜಿನ ಬಳಿ ಬಂದು ನಿಂತಳು. ತಲೆಯಲ್ಲಿ ಬೆಳಗ್ಗೆಯಿಂದ ಗುಂಯ್‌ಗುಡುತ್ತಿದ್ದುದು ಏನೆಂದು ಅವಳಿಗೆ ಈಗ ತಿಳಿಯಿತು. ಕಣ್ಣೆದುರಿಗೇ ಇದ್ದದ್ದು. "ನಿನ್ನೆ ನಾನೇ ಆ ಬೆಟ್ಟ ಹತ್ತಿ ಬಂದೆ. ಮೂರನೇ ತಿರುವು ದಾಟಿದ್ಮೇಲೆ ಗಾಡಿ ನಿಲ್ಲಿಸೋಕೆ ಏಳನೇ ತಿರುವು ಬಿಟ್ರೆ ಬೇರೆ ಜಾಗಾನೇ ಇಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ನನ್ನ ಎರಡು ಕೈಯೂ ಸ್ಟಿಯರಿಂಗ್ ಬಿಟ್ಟು ಅಲುಗಲಿಲ್ಲ."

ಅವನು ತಲೆ ತಗ್ಗಿಸಿ ಪಟ್ಟಿ ಸುತ್ತುತ್ತಲೇ ಇದ್ದ.

"ಈ ಅಕ್ಷರ ನೋಡಿ. ಒಂಬತ್ತನೇ ತಿರುವು, ಎಂಬತ್ತೆಂಟು. ಮುತ್ತು ಪೋಣಿಸಿದ ಹಾಗಿದೆ. ಗೆರೆ ಆಚೆ ಈಚೆ ಹೋಗಿಲ್ಲ. ಅಷ್ಟು ಭಾರದ ಗಾಡೀನ ಆ ತಿರುವಿನಲ್ಲಿ ತಿರುಗಿಸ್ತಾ, ಮೀಟರ್ ನೋಡ್ತಾ, ಪುಸ್ತಕ ತೊಡೆ ಮೇಲಿಟ್ಕೊಂಡು ಹೀಗೆ ಬರೆಯೋಕೆ ನಿಮ್ಮ ಹೆಂಡತಿಗೆ ಎಷ್ಟು ಕೈ?"

ಗೋಡೆಯ ಮೇಲಿನ ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ಟಕ್. ಟಕ್.

"ಅವರು ಪಕ್ಕದ ಸೀಟಿನಲ್ಲಿ ಕೂತು ಬರೆದಿದಾರೆ," ಎಂದಳು ಇನ್‌ಸ್ಪೆಕ್ಟರ್. "ಓಡಿಸಿದ್ದು ಇನ್ನೊಬ್ಬರು. ಊರು ಸಿಗೋ ಮೊದಲೇ ಇಳಿದು ಮರೆಯಾಗ್ತಿದ್ದವರು. ಶುಕ್ರವಾರ ಬೆಂಕಿ ಹತ್ತಿದಾಗಲೂ ಅವರೇ ಸ್ಟಿಯರಿಂಗ್ ಹಿಡಿದಿದ್ರು. ಯಾರದು?"

ಡಾಕ್ಟರಮ್ಮನ ಗಂಡ ನಿಧಾನಕ್ಕೆ ಮುಖ ಎತ್ತಿದ. ಮೂರು ದಿನದಿಂದ ಬಿಗಿ ಹಿಡಿದದ್ದೇನೋ ಸಡಿಲವಾದಂತೆ ಭುಜಗಳು ಇಳಿದವು.

"ಅವಳಿಗೆ ಎಚ್ಚರ ಆಯ್ತಾ? ಹೇಳಿಬಿಟ್ಳಾ?"

ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿದಳು.

"ಅವರ ಮೇಲೆ ನನಗೆ ಸಿಟ್ಟಿಲ್ಲ ಅಂತ ಅವಳಿಗೆ ಹೇಳಿದ್ದೆ ಮೇಡಂ. ನೀನು ಯಾರ ಜೊತೆ ಬೇಕಾದ್ರೂ ಹೋಗು, ಮನೆ ಮುರೀಬೇಡ ಅಂತ ಮಾತ್ರ ಅಂದಿದ್ದೆ." ಅವನು ಪಟ್ಟಿಯನ್ನು ಮೇಜಿನ ಮೇಲೆಸೆದ. "ಬೆಂಕಿ ಬಿದ್ದ ದಿನ ಮಧ್ಯಾಹ್ನ ಅವರೇ ಬಂದ್ರು. ಇದೇ ಕುರ್ಚೀಲಿ ಕೂತ್ರು. ಮೆಕ್ಯಾನಿಕ್ ಮೇಲೆ ದೂರು ಬರಿ, ಹೆಂಡತಿ ಜೀವ ಇನ್ನೂ ಆಸ್ಪತ್ರೇಲೇ ಇದೆ ಅನ್ನೋದು ಮರೀಬೇಡ ಅಂದ್ರು. ಏನು ಬರೀಬೇಕು ಅಂತಾನೂ ಅವರೇ ಹೇಳಿಕೊಟ್ರು."

"ಯಾರು ಅಂತ ಕೇಳಿದೆ."

"ಹೇಳಿದ್ರೆ ನೀವು ಏನು ಮಾಡೋಕಾಗುತ್ತೆ?"

ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳ ಭುಜದ ಮೇಲಿನ ನಕ್ಷತ್ರಗಳ ಮೇಲೆ ನಿಂತಿತ್ತು.

ಸಾಹೇಬರ ಮೂರು ಫೋನ್ ಕರೆಗಳು ಇನ್‌ಸ್ಪೆಕ್ಟರಿಗೆ ನೆನಪಾದವು. ಬೆಳಗ್ಗೆಯಿಂದ ಮೊದಲ ಬಾರಿ ಅವಳ ಕಾಲು ಒಂದೇ ಕಡೆ ನಿಂತಿತು.

"ಮೇಡಂ," ಅವನು ಪಿಸುಗುಟ್ಟಿದ. "ರೆಸಿಸ್ಟರ್ ಸಿಕ್ಕಿದ್ದು ನಿಮ್ಮ ಜೊತೆ ಇನ್ಯಾರಿಗೆ ಗೊತ್ತು?"

"ಮೆಕ್ಯಾನಿಕ್ಕಿಗೆ."

"ಅವನು ಈಗ ಎಲ್ಲಿದಾನೆ?"

ಅವಳು ಆಗಲೇ ಫೋನ್ ಕಿವಿಗಿಟ್ಟಿದ್ದಳು. ಒಂದು ಸಲ, ಎರಡು ಸಲ, ಐದು ಸಲ ಗಂಟೆ ಬಾರಿಸಿತು. ಆರನೆಯದಕ್ಕೆ ಮೀಸೆ ಎತ್ತಿದ. ಬಾಯಲ್ಲಿ ಏನೋ ಜಗಿಯುತ್ತಿದ್ದ.

"ಹೇಳಿ ಮೇಡಂ."

"ಸೈಲೆನ್ಸರ್ ಎಲ್ಲಿ?"

"ನಿಮ್ಮ ಹತ್ರ ಬರ್ತಿದಾನಲ್ಲ ಮೇಡಂ. ಹೊರಟು ಹತ್ತು ನಿಮಿಷ ಆಯ್ತು, ಇನ್ನೂ ತಲುಪಲಿಲ್ವಾ?"

"ಯಾರ ಜೊತೆ ಹೊರಟ?"

"ಇದೇನ್ ಮೇಡಂ, ನೀವೇ ಕಳಿಸಿದ್ರಲ್ಲ?" ಮೀಸೆ ನಕ್ಕ. "ಇಲಾಖೆ ಡ್ರೈವರ್ ಬಂದ, ಮೇಡಂ ಕರೀತಿದಾರೆ, ಆರೋಪೀನ ಹತ್ತಿಸಿ ಅಂದ. ಹತ್ತಿಸಿ ಕಳಿಸಿದೆ. ಅವನ ಹೆಂಡತೀನೂ ಅಳ್ತಾ ಇದ್ಳು, ಪಾಪ, ಅವಳನ್ನೂ ಕೂರಿಸಿದೆ."

"ಮೀಸೆ, ಯಾವ ಗಾಡಿ ಬಂತು? ನಂಬರ್ ನೋಡಿದ್ರಾ?"

"ನಿಮ್ಮ ಜೀಪಿನ ನಂಬರ್ ನನಗೆ ಗೊತ್ತಿಲ್ವಾ ಮೇಡಂ? ದಿನಾ ಬಾಗಿಲು ತೆಗೆಯೋನು ನಾನು. ಅದೇ ನಂಬರ್."

ಇನ್‌ಸ್ಪೆಕ್ಟರ್ ಕಿಟಕಿಯತ್ತ ತಿರುಗಿದಳು. ಗೇಟಿನ ಹೊರಗೆ, ಸುಡುವ ಬಿಸಿಲಿನಲ್ಲಿ, ಅವಳ ಜೀಪು ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು.